ಪಟ್ಟಿಯ ಕೆಳಗಿನ ಹಾರ

ಬೈಕು ಬಿದ್ದದ್ದು ಗಾಳಿಗಲ್ಲ, ನನ್ನ ಮೊಮ್ಮಗ ಹಾಕಿದ ಹೂವಿನ ಹಾರದಿಂದ. ಸ್ವೀಡನ್ನಿನ ಸೋಡರ್‌ಟೆಲ್ಯೆಯಲ್ಲಿ ಬೈಕು ಕೊಂಡು, ಅಲ್ಲೇ ಪೂಜೆ ಮಾಡಿ, ಹ್ಯಾಂಡಲಿಗೆ ಸೇವಂತಿಗೆ ಹಾರ ಸುತ್ತಿ, ತನ್ನ ಕಾರಿನ ಹಿಂದಿನ ಟ್ರೈಲರಿಗೆ ಬೈಕು ಏರಿಸಿ, ಕಟ್ಟುವ ಪಟ್ಟಿಯನ್ನು ಹಾರದ ಮೇಲೆಯೇ ಬಿಗಿದ.

“ಹಾರ ತೆಗೆಯೋ, ಹೂ ಜಜ್ಜಿಹೋದ್ರೆ ಪಟ್ಟಿ ಸಡಿಲ ಆಗತ್ತೆ” ಎಂದೆ.

“ಪೂಜೆ ಹಾರ ದಾರೀಲಿ ತೆಗೀಬಾರ್ದು ಅಜ್ಜಿ” ಎಂದ.

ಹಾಗೆಯೇ ಆಯಿತು. ತಿರುವಿನಲ್ಲಿ ಬೈಕು ಟ್ರೈಲರಿನಿಂದ ಉರುಳಿ, ಹಿಂದೆ ಬರುತ್ತಿದ್ದ ನಮ್ಮ ಕಾರಿನ ಮುಂದೆಯೇ ಬಿತ್ತು. ನಮ್ಮ ಕಾರು ಓಡಿಸುತ್ತಿದ್ದವಳು ಅವನ ಬಸುರಿ ಅಕ್ಕ. ಹೇಗೋ ಬ್ರೇಕು ಹಾಕಿದಳು.

“ದೇವ್ರು ಕಾಪಾಡಿದ” ಎಂದು ಇವನು ಕೈಮುಗಿದ. ನನಗೆ ಹೇಸಿಗೆಯಾಯಿತು.

“ಪಟ್ಟಿ ಹಿಡ್ಕೊಂಡು ಕೂರೋಕೆ ದೇವ್ರೇನು ನಿನ್ನ ಆಳಾ?” ಎಂದೆ.

ಮರುದಿನ ಬೆಳಿಗ್ಗೆ ಬೈಕನ್ನು ರಿಪೇರಿಗೆ ಒಯ್ಯುವ ಮುನ್ನ ಅದಕ್ಕೆ ಹಾಕಲು ಮತ್ತೊಂದು ಹಾರ ತಂದ. ಕಿತ್ತುಕೊಂಡು ಮನೆಯ ದೇವರಿಗೆ ಹಾಕಿದೆ. ಪಟ್ಟಿಯನ್ನು ಬರಿ ಕಬ್ಬಿಣಕ್ಕೆ ಬಿಗಿಸಿ, ಬೈಕನ್ನು ಅಲ್ಲಾಡಿಸಿ ನೋಡಿಯೇ ಕಾರಿನ ಕೀ ಕೊಟ್ಟೆ.