ಫ್ರಿಜ್ಜಿನ ಕಾಲು ಯಾವ ಕಡೆ

ನೆಂಟರಿಗೆ ಬೇಕಾಗುವ ಹಾಲು ಮೊಸರಿಡಲು ಹಳೆಯ ಫ್ರಿಜ್ ಸಾಲದೆಂದು, ತುಮಕೂರಿನ ನಮ್ಮ ಮನೆಗೆ ಮಗ ನನ್ನ ಹೆಂಡತಿಯ ತಿಥಿಯ ಹೊತ್ತಿಗೆ ಹೊಸದನ್ನು ತಂದಿದ್ದ. ಹಳೆಯದು ಅವಳದು. ಅದರ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಕೈತುಂಬ ಪಾತ್ರೆ ಹಿಡಿದು ಸೊಂಟದಿಂದ ತಳ್ಳುತ್ತಿದ್ದಳು. ಆ ಸದ್ದು ಕೇಳಿದರೆ ಅಡುಗೆಮನೆ ಕೆಲಸ ಮುಗಿಯಿತೆಂದು ನನಗೆ ತಿಳಿಯುತ್ತಿತ್ತು. ಅದನ್ನು ಕೆಳಗಿನ ಸೆಲ್ಲಾರಿನಲ್ಲಿ ಇಡೋಣ ಎಂದೆ.

"ಇಳಿಸಿದ್ಮೇಲೂ ವರ್ಕ್ ಆದ್ರೆ ಇಟ್ಕೊಳ್ಳಣ ಅಪ್ಪ. ಕೆಟ್ಟೋದ್ರೆ ಗುಜರಿಗೆ," ಎಂದ ಮಗ.

ನಮ್ಮ ಕಡೆ ತಿಥಿಗೆ ಬಂದವರು ಉಂಡ ತಕ್ಷಣ ಹೊರಡುವುದಿಲ್ಲ. ಮನೆಯವರ ದುಃಖ ಹಗುರ ಮಾಡಲು ಏನಾದರೂ ಭಾರ ಸಿಗುತ್ತದೆಯೇ ಎಂದು ನೋಡುತ್ತಾರೆ. ಕುಣಿಗಲ್‌ನ ಭಾವಮೈದ, ಗುಬ್ಬಿಯ ಷಡ್ಡಕ ಇಬ್ಬರೂ ಪಂಚೆ ಎತ್ತಿ ಕಟ್ಟಿದರು. ಖಾಲಿ ಮಾಡಿ, ಬಾಗಿಲಿಗೆ ಟೇಪು ಹಾಕಿ, ಭಾರವೆಲ್ಲ ಬುಡದಲ್ಲಿರುವುದರಿಂದ ನಿಂತ ಹಾಗೇ ಇಳಿಸಿ ಎಂದು ರಿಪೇರಿಯವನು ಫೋನಿನಲ್ಲಿ ಹೇಳಿದ್ದ. ಮೊದಲೆರಡು ಮಾತನ್ನು ಪಾಲಿಸಿದೆವು. ಮಲಗಿಸಿದರೆ ಹಿಡಿಯಲು ನಾಲ್ಕು ಮೂಲೆ ಸಿಗುತ್ತದೆ ಎಂದು ಷಡ್ಡಕ ಹೇಳಿದ್ದು ಎಲ್ಲರಿಗೂ ಇನ್ನೂ ಸರಿಯೆನಿಸಿತು.

ಗೀರು ಬೀಳದಿರಲೆಂದು ಬಿಳಿ ಬೆಡ್‌ಶೀಟ್ ಸುತ್ತಿ, ಹಗ್ಗ ಬಿಗಿದು, ಮಲಗಿಸಿ ನಾಲ್ವರೂ ಎತ್ತಿದೆವು. ಮೆಟ್ಟಿಲ ಬಳಿ ಭಾವಮೈದ ನಿಂತುಬಿಟ್ಟ.

"ನಿಲ್ರಪ್ಪಾ! ಕಾಲು ಮುಂದಾಗೈತೆ."

"ಯಾರ ಕಾಲ್ಲಾ?" ಎಂದ ಷಡ್ಡಕ.

"ಫ್ರಿಜ್ಜಿಂದು. ಕಾಲು ಮುಂದೆ ಮಾಡಿ ಯಾರನ್ನ ಸಾಗ್ಸೋದು ಗೊತ್ತಿಲ್ವಾ? ತಿರುಗ್ಸಿ."

"ಬುಡ್ಲಾ, ಫ್ರಿಜ್ಜಿಗೂ ಶಾಸ್ತ್ರನಾ?"

"ಮನೇಲಿ ಒಂದು ಆಗಿದ್ದು ಸಾಲ್ದಾ ಭಾವ?"

ಫ್ರಿಜ್ಜನ್ನು ಅಲ್ಲೇ ತಿರುಗಿಸಿದೆವು. ತಲೆ ಮುಂದೆ ಮಾಡಿ ಇಳಿಸತೊಡಗಿದೆವು. ಭಾರದ ಬುಡ ಮೇಲಾಯಿತು. ತಿರುವಿನಲ್ಲಿ ಮೂಲೆ ಗೋಡೆಗೆ ಸಿಕ್ಕಿಕೊಂಡು, ಇಡೀ ಫ್ರಿಜ್ ಕೆಳಗಿದ್ದ ಭಾವಮೈದನ ಎದೆಗೆ ಒರಗಿತು. ಶಾಸ್ತ್ರ ಹೇಳಲು ಅವನಿಗೆ ಉಸಿರು ಉಳಿಯಲಿಲ್ಲ.

"ಗುಜರಿಯವನ್ನ ಇಲ್ಲಿಗೇ ಕರೀಲಾ?" ಎಂದ ಮಗ.

ಬಿಳಿ ಬಟ್ಟೆ ಸುತ್ತಿಕೊಂಡು ಮಲಗಿದ್ದ ಅದನ್ನು ನೋಡಿದೆ.

"ಅವಳೂ ಕಾಲು ಮುಂದೆ ಮಾಡ್ಕೊಂಡೇ ಹೋದ್ಲು," ಎಂದೆ. "ಇದು ಹೊರಗೆ ಹೋಗ್ತಿಲ್ಲ. ಮನೇಲೇ ಇರುತ್ತೆ. ಮೇಲಕ್ಕೆಳ್ದು ನೆಟ್ಟಗೆ ನಿಲ್ಸಿ."

ಮೇಲಕ್ಕೆಳೆದು ನೆಟ್ಟಗೆ ನಿಲ್ಲಿಸಿದೆವು. ಮೇಲೆ ಇಬ್ಬರು ಹಗ್ಗ ಹಿಡಿದು, ಕೆಳಗೆ ಇಬ್ಬರು ಬುಡಕ್ಕೆ ಕೈಕೊಟ್ಟು, ಸ್ವಲ್ಪ ಹಿಂದಕ್ಕೆ ಒರಗಿಸಿ, ಒಂದೊಂದೇ ಮೆಟ್ಟಿಲು ಇಳಿಸಿದೆವು. ಫ್ರಿಜ್ಜು ಕಾಲೂರಿಯೇ ಸೆಲ್ಲಾರು ಸೇರಿತು.

ಬಟ್ಟೆ, ಟೇಪು ಬಿಚ್ಚಿದೆವು. ಮಲಗಿಸಿದ್ದರಿಂದ ಒಳಗಿನ ಎಣ್ಣೆ ಬುಡಕ್ಕೆ ಇಳಿಯಲೆಂದು ಸಂಜೆಯವರೆಗೆ ಹಾಗೇ ಬಿಟ್ಟು, ಆಮೇಲೆ ಸ್ವಿಚ್ ಹಾಕಿದೆವು. ಏನೂ ಆಗಲಿಲ್ಲ. ಮಗ ನನ್ನ ಮುಖ ನೋಡಿದ. ಸ್ವಲ್ಪ ಹೊತ್ತಿಗೆ ಗುರ್ರೆಂದಿತು.

"ನಿಲ್ಸೇ ಇಳಿಸ್ಬೇಕು ಅಂತ ನಾನು ಮೊದ್ಲೇ ಅಂದ್ಕೊಂಡಿದ್ದೆ," ಎಂದ ಭಾವಮೈದ, ಎದೆ ನೀವಿಕೊಳ್ಳುತ್ತಾ.

ಎಲ್ಲರೂ ಕಾಫಿಗೆ ಮೇಲೆ ಹೋದರು. ಬಾಗಿಲು ಎಂದಿನಂತೆ ಪೂರ್ತಿ ಮುಚ್ಚಿರಲಿಲ್ಲ. ನನ್ನ ಕೈ ಖಾಲಿಯೇ ಇತ್ತು. ಆದರೂ ಸೊಂಟದಿಂದಲೇ ತಳ್ಳಿದೆ.