ಸುಕನ್ಯಾಳ ಮನೆಯ ಇಬ್ಬರು ರೋಗಿಗಳು

ಹಳೆಯ ಸೀರೆಯ ತುಂಡಿನ ಮೇಲೆ ಬಿದ್ದಿದ್ದ ನಸುಗೆಂಪು ಕಲೆಯನ್ನು ಸುಕನ್ಯಾ ಮೊದಲು ಬೀಟ್‌ರೂಟಿನ ಬಣ್ಣವೆಂದುಕೊಂಡಳು. ಹಿಂದಿನ ದಿನ ಬೀಟ್‌ರೂಟಿನ ಸಿಪ್ಪೆಯನ್ನು ಪುಟಾಣಿಗೆ ತಾನೇ ಹಾಕಿದ್ದಳು. ಮರುದಿನ ಸಿಪ್ಪೆ ಹಾಕಲಿಲ್ಲ, ಆದರೂ ಕಲೆ ಬಿತ್ತು. ಅದರ ಮರುದಿನ ಪುಟಾಣಿ ಪೆಟ್ಟಿಗೆಯ ಮೂಲೆಯಲ್ಲಿ ಬೆನ್ನು ಬಾಗಿಸಿ ಕುಳಿತು, ಬಾಗಿಲ ಕೀಲು ಕಿರುಗುಟ್ಟಿದಂತೆ ಸಣ್ಣಗೆ ಚೀರಿತು. ಅದು ಎದ್ದು ಸರಿದ ಜಾಗದಲ್ಲಿ ಎರಡು ಹನಿ ಉಚ್ಚೆಯಿತ್ತು. ಎರಡೂ ಕೆಂಪಗಿದ್ದವು.

ಪುಟಾಣಿ ಒಂದು ಗಿನಿಪಿಗ್. ಮೊಲಕ್ಕಿಂತ ಸಣ್ಣದು, ಇಲಿಗಿಂತ ದೊಡ್ಡದು, ಬಾಲವೇ ಇಲ್ಲದ್ದು. ಮೈಬಣ್ಣ ಥೇಟು ಅಂಗಡಿಯ ಹುರಿಗಡಲೆಯದು, ಆ ಕಡೆ ಹುರಿಗಡಲೆಗೆ ಪುಟಾಣಿ ಎನ್ನುತ್ತಾರೆ, ಅದಕ್ಕೇ ಆ ಹೆಸರು. ಕೇಶ್ವಾಪುರದಲ್ಲಿದ್ದ ಗೆಳತಿಯ ತಂದೆಗೆ ವರ್ಗವಾದಾಗ ಮಗಳು ಸೌಂದರ್ಯಾ ಅದನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ತಂದಿದ್ದಳು. ಅದು ಎರಡು ಸಾವಿರದ ಒಂದನೇ ಇಸವಿ. ಮರುವರ್ಷ ಸೌಂದರ್ಯಾ ಪಿಯುಸಿಗೆಂದು ಧಾರವಾಡದ ಹಾಸ್ಟೆಲ್ ಸೇರಿದಳು. ಪುಟಾಣಿ ಹಳೇ ಹುಬ್ಬಳ್ಳಿಯ ಆ ಇಕ್ಕಟ್ಟು ಮನೆಯಲ್ಲಿ ಸುಕನ್ಯಾಳ ಪಾಲಿಗೆ ಉಳಿಯಿತು.

ಸುಕನ್ಯಾಳ ಪಾಲಿಗೆ ಅದಕ್ಕೂ ಮೊದಲೇ ಇನ್ನೊಂದು ಜೀವ ಬಂದಿತ್ತು. ಅತ್ತೆ ಬಾಳವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಮಗನನ್ನು ಸಾಕಿದವಳು. ಗಂಡ ತೀರಿಕೊಂಡಾಗಲೂ ಒಲೆ ಆರಿಸದ ಗಟ್ಟಿ ಹೆಂಗಸು ಎಂದು ಓಣಿಯೆಲ್ಲ ಹೇಳುತ್ತಿತ್ತು. ಅಂಥವಳು ಒಂದು ಮುಂಜಾನೆ ಹಿಟ್ಟು ನಾದುತ್ತ ಕೂತಲ್ಲಿಯೇ ಪಕ್ಕಕ್ಕೆ ವಾಲಿದಳು. ಲಕ್ವಾ ಹೊಡೆದು ಎಡಗೈ, ಎಡಗಾಲು ಎರಡೂ ಹೋದವು. ಮಾತು ಸ್ವಲ್ಪ ತೊದಲಿದರೂ ಉಳಿಯಿತು. ಉಚ್ಚೆಯ ಮೇಲಿನ ಹಿಡಿತ ಹೋಯಿತು. ಅಂದಿನಿಂದ ನಡುಮನೆಯ ಮಂಚವೇ ಅವಳ ಜಗತ್ತು. ಹಾಸಿಗೆಯ ಅರಿವೆ ಬದಲಿಸುವುದು, ಮೈ ಒರೆಸುವುದು, ಮಗ್ಗಲು ತಿರುಗಿಸುವುದು ಸುಕನ್ಯಾಳ ದಿನಚರಿಯಾಯಿತು. ಗಂಡ ಶಾಂತಯ್ಯ ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಕೆಟ್ಟವನಲ್ಲ. ಆದರೆ ತಾಯಿಯ ಮಂಚದ ಹತ್ತಿರ ಹೋದಾಗಲೆಲ್ಲ ಅವನ ಕಣ್ಣು ಗೋಡೆಯ ಕಡೆಗಿರುತ್ತಿತ್ತು.

ಕೆಂಪು ಹನಿ ಕಂಡ ದಿನ ಸುಕನ್ಯಾ ಅತ್ತೆಗೆ ಉಣಿಸಿ, ಪಕ್ಕದ ಮನೆಯ ರಾಜಬಿಗೆ ಸ್ವಲ್ಪ ಹೊತ್ತು ನೋಡಿಕೊಳ್ಳಲು ಹೇಳಿ, ಪುಟಾಣಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ದನದ ದವಾಖಾನೆಗೆ ನಡೆದಳು. ಅಲ್ಲಿ ಎಮ್ಮೆ, ಹೋರಿ, ಒಂದೆರಡು ನಾಯಿಗಳ ನಡುವೆ ಅವಳ ಬುಟ್ಟಿ ನೋಡಿ ಜನ ನಕ್ಕರು. ಡಾಕ್ಟರ್ ಏಕನಾಥ ನಗಲಿಲ್ಲ. ಈ ಪ್ರಾಣಿಯ ಬಗ್ಗೆ ಕಾಲೇಜಿನಲ್ಲಿ ಒಂದೆರಡು ಪುಟ ಓದಿದ್ದೇನೆ, ಕೈಯಿಂದ ಮುಟ್ಟುತ್ತಿರುವುದು ಇದೇ ಮೊದಲು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಹೊಟ್ಟೆಯ ಕೆಳಭಾಗವನ್ನು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಪುಟಾಣಿ ಮತ್ತೆ ಚೀರಿತು. ಹರಳು ಇರಬಹುದೆಂದು ಪರಿಚಯದವರ ಕಡೆ ಎಕ್ಸ್‌ರೇ ತೆಗೆಸಿದರು. ಹರಳು ಇರಲಿಲ್ಲ. ದನಕ್ಕೂ ನಾಯಿಗೂ ಕೊಡುವ ಎಷ್ಟೋ ಔಷಧ ಇದರ ಕರುಳು ಕೆಡಿಸಿ ಕೊಂದೇಬಿಡುತ್ತವೆಂದು ಅವರಿಗೆ ಗೊತ್ತಿತ್ತು. ಬೆಂಗಳೂರಿನಲ್ಲಿದ್ದ ತಮ್ಮ ಗುರುಗಳಿಗೆ ಫೋನ್ ಹಚ್ಚಿ ಕೇಳಿದ ಮೇಲೆಯೇ ಒಂದು ಸಿರಪ್ಪು, ನೋವಿಗೆ ಹನಿ ಔಷಧ ಎಂದು ಚೀಟಿ ಬರೆದರು.

ಮುಂದಿನ ಸಲ ಹೋದಾಗ ರೋಗ ಏನೆಂದು ಬಿಡಿಸಿ ಹೇಳಿದರು. ಉಚ್ಚೆಯ ಚೀಲದ ಒಳಗೋಡೆ ಬಾತುಕೊಂಡಿದೆ. ಔಷಧಕ್ಕೆ ಇಳಿಯುತ್ತದೆ, ಸ್ವಲ್ಪ ದಿನ ಬಿಟ್ಟು ಮತ್ತೆ ಏರುತ್ತದೆ. ಪೂರ್ತಿ ಹೋಗುವ ಜಡ್ಡಲ್ಲ.

"ಆರಾಮ ಆಗೋದಿಲ್ಲೇನ್ರಿ?" ಎಂದು ಸುಕನ್ಯಾ ಕೇಳಿದಳು.

"ಆರಾಮ ಇಡಬಹುದು ಅಷ್ಟ ನೋಡ್ರಿ. ಆರಾಮ ಮಾಡಾಕ ಆಗೂದಿಲ್ಲ," ಎಂದರು ಡಾಕ್ಟರ್.

ಅತ್ತೆಯ ವಿಷಯದಲ್ಲಿ ದೊಡ್ಡ ದವಾಖಾನೆಯ ಡಾಕ್ಟರೂ ಹೆಚ್ಚುಕಡಿಮೆ ಇದೇ ಮಾತು ಹೇಳಿದ್ದರು. ಸುಕನ್ಯಾ ಬುಟ್ಟಿ ಎತ್ತಿಕೊಂಡು ಮನೆಗೆ ಬಂದಳು.

ಆರಾಮ ಇಡುವ ಕೆಲಸ ಸಣ್ಣದಾಗಿರಲಿಲ್ಲ. ಮೆಂತ್ಯ, ಪಾಲಕ ಬಂದ್ ಆದವು, ಅವುಗಳಲ್ಲಿಯ ಸುಣ್ಣದ ಅಂಶ ಉಚ್ಚೆಯಲ್ಲಿ ಮರಳಾಗಿ ಕೂತು ಚೀಲವನ್ನು ಕೆರೆಯುತ್ತದಂತೆ. ಹುಲ್ಲು ಎಷ್ಟು ತಿಂದರೂ ಒಳ್ಳೆಯದು. ರಾಜಬಿ ತನ್ನ ಆಡಿಗೆಂದು ಕೆರೆಯ ದಂಡೆಯಿಂದ ಹುಲ್ಲು ತರುವಾಗ ಒಂದು ಹಿಡಿ ಕರಕಿ ಇವಳ ಹೊಸ್ತಿಲ ಮೇಲೆ ಇಟ್ಟುಹೋಗುತ್ತಿದ್ದಳು. ದೊಣ್ಣೆಮೆಣಸಿನಕಾಯಿಯ ಚೂರು ದಿನಾ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ನೀರು ಬೇಕು. ನೀರು ಕುಡಿಯದಿದ್ದರೆ ಉಚ್ಚೆ ದಪ್ಪವಾಗಿ ಉರಿ ಹೆಚ್ಚುತ್ತದೆ. ಪುಟಾಣಿಗೋ ಉರಿ ಹೆಚ್ಚಿದ ದಿನ ನೀರು ಬೇಡವಾಗುತ್ತಿತ್ತು. ಸೂಜಿ ತೆಗೆದ ಸಿರಿಂಜಿನಲ್ಲಿ ನೀರು ತುಂಬಿ, ತೊಡೆಯ ಮೇಲೆ ಅರಿವೆಯಲ್ಲಿ ಸುತ್ತಿಕೊಂಡು, ತುಟಿಯ ಪಕ್ಕದಿಂದ ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಉಸಿರುನಾಳಕ್ಕೆ ಹೋಗುತ್ತದೆ. ಕೆಳಗೆ ಹಾಸಿದ ಅರಿವೆ ತೊಯ್ದಿದ್ದರೆ ಮೈ ಸುಟ್ಟು ಹುಣ್ಣಾಗುತ್ತದೆ, ಅದಕ್ಕೆ ಅರಿವೆಯನ್ನು ಮತ್ತೆ ಮತ್ತೆ ಬದಲಿಸಬೇಕು.

ಹಿತ್ತಲಿನ ಹಗ್ಗದ ಮೇಲೆ ಈಗ ಎರಡು ತರದ ಅರಿವೆ ಒಣಗುತ್ತಿದ್ದವು, ಅತ್ತೆಯ ದೊಡ್ಡ ತುಂಡುಗಳು, ಪುಟಾಣಿಯ ಸಣ್ಣ ತುಂಡುಗಳು. ಓಣಿಯ ಹೆಂಗಸರು ಕಂಡು ಆಡಿಕೊಂಡರು. ಶಾಂತಯ್ಯನಿಗೂ ಸಿಟ್ಟು ಬಂತು. ಹಡೆದವ್ವ ಹಾಸಿಗೆ ಹಿಡಿದಿರುವಾಗ ಹೆಂಡತಿ ಒಂದು ಇಲಿಯ ಸೇವೆ ಮಾಡುತ್ತಾಳೆಂದು ಜನ ನಗುತ್ತಿದ್ದಾರೆ, ಅದನ್ನು ಎಲ್ಲಾದರೂ ಬಿಟ್ಟು ಬಾ ಎಂದ. ಬಿಟ್ಟು ಬರಬೇಕೆಂದು ಸುಕನ್ಯಾಳಿಗೂ ಎಷ್ಟೋ ಸಲ ಅನಿಸಿತ್ತು. ಒಂದು ದಿನ ಬುಟ್ಟಿಯಲ್ಲಿಟ್ಟುಕೊಂಡು ಕೆರೆಯ ದಂಡೆಯವರೆಗೂ ಹೋಗಿದ್ದಳು. ಪುಟಾಣಿ ಹುಲ್ಲಿನ ಮೇಲೆ ಇಳಿಯದೆ ಅವಳ ಸೆರಗಿನೊಳಗೇ ಮುಖ ತುರುಕಿತು. ಹಾಗೇ ವಾಪಸು ತಂದಳು.

ಬಾಳವ್ವನಿಗೆ ಮೊದಲು ಪುಟಾಣಿಯೆಂದರೆ ಹೇಸಿಗೆ. ಲಿಂಗಪೂಜೆ ಮಾಡುವ ಮನೆಯಲ್ಲಿ ಇದೇನು ಹೊಲಸು ಎಂದು ಮುಖ ತಿರುಗಿಸುತ್ತಿದ್ದಳು. ಒಂದು ಮಧ್ಯಾಹ್ನ ಸುಕನ್ಯಾ ಪಾತ್ರೆ ತೊಳೆಯುತ್ತಿದ್ದಾಗ ಪುಟಾಣಿ ಮೂಲೆಯಲ್ಲಿ ಚೀರಿತು. ಕೈ ಒರೆಸಿಕೊಂಡು ಒಳಗೆ ಬಂದರೆ ಬಾಳವ್ವ ಮಂಚದ ಮೇಲೆ ಕತ್ತು ಎತ್ತಿ ಪೆಟ್ಟಿಗೆಯ ಕಡೆಗೇ ನೋಡುತ್ತಿದ್ದಳು.

"ಅದಕ್ಕ ಉಚ್ಚಿ ಉರಿ ಐತೇನು?" ಎಂದು ಕೇಳಿದಳು.

ಸುಕನ್ಯಾ ಹೌದೆಂದಳು.

"ನನಗೂ ಹಂಗ ಆಗತೈತಿ. ಅದು ಒದರತೈತಿ, ನಾ ಒದರೂದಿಲ್ಲ, ಅಷ್ಟ ಫರಕು."

ಸುಕನ್ಯಾ ಬಾಗಿಲಲ್ಲೇ ನಿಂತುಬಿಟ್ಟಳು. ಅತ್ತೆಗೆ ಆಗಾಗ ಜ್ವರ ಬರುತ್ತಿತ್ತು, ಉಚ್ಚೆಯಲ್ಲಿ ಸೋಂಕು ಎಂದು ಡಾಕ್ಟರ್ ಗುಳಿಗೆ ಕೊಡುತ್ತಿದ್ದರು, ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಉರಿಯುತ್ತದೆಯೇ ಎಂದು ತಾನು ಯಾವತ್ತೂ ಕೇಳಿರಲಿಲ್ಲ. ಪುಟಾಣಿಯ ಮೂಲೆಯಲ್ಲಿ ಕೂತು ಅದರ ಬೆನ್ನು ಬಾಗಿದ್ದನ್ನು ನೋಡಿದಷ್ಟು ಹೊತ್ತು ಅತ್ತೆಯ ಮುಖ ನೋಡಿರಲಿಲ್ಲ. ಅಂದು ಸಂಜೆ ಇನ್ನೊಂದು ಸಂಗತಿ ಗೊತ್ತಾಯಿತು. ಮುಂಜಾನೆ ತುಂಬಿಟ್ಟ ತಂಬಿಗೆಯ ನೀರು ಹಾಗೆಯೇ ಇತ್ತು. ಯಾಕೆ ಕುಡಿದಿಲ್ಲವೆಂದು ಕೇಳಿದರೆ ಬಾಳವ್ವ ತಂಬಿಗೆಯನ್ನು ಬಲಗೈಯಿಂದ ಆಚೆ ಸರಿಸಿದಳು.

"ಕುಡದ್ರ ಹೋಗತೈತಿ. ಹ್ವಾದ್ರ ನೀ ಬರಬೇಕು. ಎಷ್ಟಂತ ಬರತೀ," ಎಂದಳು.

ಸೊಸೆಯ ಮುಂದೆ ಮೈ ಬಿಚ್ಚಿಸಿಕೊಳ್ಳುವುದು ಒಂದು ಸಲವಾದರೂ ಕಡಿಮೆಯಾಗಲೆಂದು ಅವಳು ತಿಂಗಳುಗಟ್ಟಲೆ ಬಾಯಾರಿಕೊಂಡೇ ಇದ್ದಳು. ಅದೇ ಬಾಯಾರಿಕೆ ಮತ್ತೆ ಮತ್ತೆ ಸೋಂಕು ತರುತ್ತಿತ್ತು.

ಸುಕನ್ಯಾ ಪುಟಾಣಿಯ ಪೆಟ್ಟಿಗೆಯನ್ನು ಅತ್ತೆಯ ಬಲಗೈಗೆ ಎಟುಕುವಂತೆ ಮಂಚದ ಪಕ್ಕ ಒಂದು ಸ್ಟೂಲಿನ ಮೇಲೆ ಇಟ್ಟಳು. ಅದಕ್ಕೆ ಒಂದು ಸಿರಿಂಜು ನೀರು, ನಿಮಗೆ ಒಂದು ಲೋಟ ನೀರು ಎಂದು ಕರಾರು ಮಾಡಿದಳು. ಬಾಳವ್ವ ಗೊಣಗುತ್ತಲೇ ಒಪ್ಪಿದಳು. ದಿನ ಕಳೆದಂತೆ ಕರಕಿಯ ಎಳೆಯನ್ನು ತಾನೇ ಹಿಡಿದು ತಿನ್ನಿಸತೊಡಗಿದಳು. ರೊಟ್ಟಿ ಬಡಿದು ಒರಟಾಗಿದ್ದ ಬೆರಳುಗಳನ್ನು ಪುಟಾಣಿ ಮೂಸಿನೋಡಿ ನೆಕ್ಕುತ್ತಿತ್ತು. ಸುಕನ್ಯಾ ಒಲೆಯ ಮುಂದಿದ್ದಾಗ ಒಳಗಿನಿಂದ ಬಾಳವ್ವ, ಇವತ್ತು ಇದರ ಉಚ್ಚಿ ಬೆಳ್ಳಗೈತಿ ನೋಡವಾ ಎಂದು ಕರೆದು ಹೇಳುತ್ತಿದ್ದಳು. ಆ ಚಳಿಗಾಲ ಇಬ್ಬರಿಗೂ ಉರಿ ಕಡಿಮೆಯಿತ್ತು. ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ಅತ್ತೆ ಸೊಸೆ ಎದುರುಬದುರು ಕೂತು ಮಾತಾಡಿದ್ದು ಆ ಚಳಿಗಾಲದಲ್ಲೇ.

ಬೇಸಿಗೆ ಬಂತು. ನಲ್ಲಿಯಲ್ಲಿ ನೀರು ವಾರಕ್ಕೊಮ್ಮೆಯಾಯಿತು. ಅರಿವೆ ತೊಳೆಯಲು ಕೊಡ ಹೊತ್ತು ಹೊತ್ತು ಸುಕನ್ಯಾಳ ಸೊಂಟ ಬಿದ್ದುಹೋಯಿತು. ಕೆರೆಯ ದಂಡೆಯ ಹುಲ್ಲು ಒಣಗಿತು. ಮೊದಲು ಬಾಳವ್ವನಿಗೆ ಜ್ವರ ಬಂತು, ಅದರ ಬೆನ್ನಿಗೇ ಪುಟಾಣಿಯ ಅರಿವೆಯ ಮೇಲೆ ಕೆಂಪು ಕಂಡಿತು. ಸಿರಪ್ಪು ಈ ಸಲ ತಾಗಲಿಲ್ಲ. ಡಾಕ್ಟರ್ ಔಷಧ ಬದಲಿಸಿದರು, ನೋವಿನ ಹನಿಗಳನ್ನು ಹೆಚ್ಚಿಸಿದರು. ಮಳೆಗಾಲ ಬಂದು ಹುಲ್ಲು ಚಿಗುರಿದರೂ ಪುಟಾಣಿ ಚಿಗುರಲಿಲ್ಲ. ಇಳಿಯುವುದು, ಏರುವುದು, ಹೀಗೇ ಇನ್ನೊಂದು ವರ್ಷ ಹೋಯಿತು. ಪ್ರತಿ ಸಲ ಇಳಿದಾಗಲೂ ಹಿಂದಿನಷ್ಟು ಇಳಿಯುತ್ತಿರಲಿಲ್ಲ.

ದೀಪಾವಳಿಗೆ ಸೌಂದರ್ಯಾ ಊರಿಗೆ ಬಂದಳು. ಪುಟಾಣಿಯನ್ನು ಎತ್ತಿಕೊಂಡವಳು ಅದರ ವಾಸನೆಗೆ ಮುಖ ಕಿವಿಚಿ ಕೆಳಗಿಟ್ಟಳು. ಅದಕ್ಕೂ ಹಿಂಸೆ, ನಿನಗೂ ಹಿಂಸೆ, ಯಾಕವ್ವಾ ಇದೆಲ್ಲ ಎಂದು ಕೇಳಿದಳು. ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಅದು ಸುಕನ್ಯಾಳ ಮನಸ್ಸಿಗೆ ಬಹಳ ಹತ್ತಿತು. ನಾನು ಇದನ್ನು ಮಾಡುತ್ತಿರುವುದು ಯಾರಿಗಾಗಿ ಎಂದು ತನ್ನನ್ನೇ ಕೇಳಿಕೊಂಡಳು. ತಿಕ್ಕುತ್ತಿದ್ದ ಪಾತ್ರೆ ಬದಿಗಿಟ್ಟು, ಎದ್ದು ಸಿರಿಂಜಿಗೆ ನೀರು ತುಂಬಿದಳು.

ಸಂಕ್ರಾಂತಿ ಕಳೆದ ಮೇಲೆ ಪುಟಾಣಿ ತಿನ್ನುವುದನ್ನೇ ಬಿಟ್ಟಿತು. ಸುಕನ್ಯಾ ಹುಲ್ಲನ್ನು ನೆನೆಸಿ, ಅರೆದು, ಸಿರಿಂಜಿನಲ್ಲಿ ತುಂಬಿ ಕೊಟ್ಟಳು. ಅದು ಬಾಯಿಯ ಪಕ್ಕದಿಂದ ಹೊರಗೆ ಸುರಿಯಿತು. ಡಾಕ್ಟರ್ ಏಕನಾಥ ಹೊಟ್ಟೆ ಮುಟ್ಟಿ ನೋಡಿ ಕೈ ತೊಳೆದುಕೊಂಡರು. ಇನ್ನು ನನ್ನ ಕೈಯಲ್ಲಿ ಏನೂ ಉಳಿದಿಲ್ಲ, ನೀವು ಹೂಂ ಅಂದರೆ ಒಂದು ಸೂಜಿ ಚುಚ್ಚುತ್ತೇನೆ, ನಿದ್ದೆ ಬಂದಂತೆ ಹೋಗುತ್ತದೆ ಎಂದರು. ನಾಳೆ ಬರುತ್ತೇನೆಂದು ಹೇಳಿ ಸುಕನ್ಯಾ ಬುಟ್ಟಿ ಎತ್ತಿಕೊಂಡು ಮನೆಗೆ ಬಂದಳು.

ಅತ್ತೆಗೆ ಹೇಳಬಾರದೆಂದುಕೊಂಡಿದ್ದಳು. ಆದರೆ ಬಾಳವ್ವ ಮುಖ ನೋಡಿಯೇ ಕೇಳಿದಳು, ಇವಳು ಹೇಳಬೇಕಾಯಿತು. ಬಾಳವ್ವ ಬಲಗೈಯನ್ನು ಪೆಟ್ಟಿಗೆಯೊಳಗೆ ಇಳಿಸಿ ಪುಟಾಣಿಯ ಬೆನ್ನ ಮೇಲೆ ಇಟ್ಟಳು. ಎಲುಬು ಕೈಗೆ ಹತ್ತುತ್ತಿತ್ತು.

"ಕೊಡಿಸಿಬಿಡವಾ," ಎಂದಳು.

"ನನ್ನ ಕಡಿಂದ ಆಗೂದಿಲ್ರಿ ಅತ್ತಿ."

"ಆಗಬೇಕು. ಅದರ ಪರವಾಗಿ ಹೂಂ ಅನ್ನಾಕ ನಿನ್ನ ಬಿಟ್ರ ಯಾರದಾರ." ತೊದಲುವ ನಾಲಿಗೆಯನ್ನು ಸರಿಪಡಿಸಿಕೊಂಡು ಬಾಳವ್ವ ಮುಂದುವರಿಸಿದಳು. "ಅದರ ದೈವ ಛಲೋ ಐತಿ. ಅದಕ್ಕರ ಒಂದು ಸೂಜಿ ಐತಿ."

ಸುಕನ್ಯಾ ತಲೆ ಎತ್ತಿದಳು. ಬಾಳವ್ವ ಅವಳನ್ನೇ ನೋಡುತ್ತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ. ಏನನ್ನೋ ಕೇಳುತ್ತಿದ್ದಾಳೆ, ಕೇಳಿಯೂ ಆಗಿದೆ ಎಂದು ಸುಕನ್ಯಾಳಿಗೆ ಅರ್ಥವಾಯಿತು. ಹಾಗೆಲ್ಲ ಅನ್ನಬಾರದು, ಶಿವ ಇದ್ದಾನೆ ಎಂದು ಹೇಳಬೇಕಿತ್ತು. ಓಣಿಯ ಯಾವ ಹೆಂಗಸಾದರೂ ಹಾಗೇ ಹೇಳುತ್ತಿದ್ದಳು. ಆ ಮಾತು ಅವಳ ಬಾಯಿಂದ ಹೊರಡಲಿಲ್ಲ. ಎರಡು ವರ್ಷ ಇಬ್ಬರ ಉರಿಯನ್ನೂ ಕೈಯಾರೆ ಒರೆಸಿದವಳಿಗೆ ಅದು ಸುಳ್ಳೆಂದು ಗೊತ್ತಿತ್ತು.

ಮರುದಿನ ಶಾಂತಯ್ಯ ತಾನೇ ಬುಟ್ಟಿ ಹಿಡಿದುಕೊಂಡು ಹೆಂಡತಿಯ ಜೊತೆ ದವಾಖಾನೆಯವರೆಗೆ ಬಂದ. ಸೂಜಿ ಚುಚ್ಚುವಾಗ ಅವನು ಹೊರಗೆ ನಿಂತ. ಸುಕನ್ಯಾ ಪುಟಾಣಿಯನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಸೂಜಿ ತಾಗಿದಾಗ ಅದು ಒಮ್ಮೆ ಸಣ್ಣಗೆ ಚೀರಿತು, ಆಮೇಲೆ ಬಾಗಿದ ಬೆನ್ನು ನಿಧಾನವಾಗಿ ಸಡಿಲಾಯಿತು. ದವಾಖಾನೆಯ ಹಿಂದಿನ ಬೇವಿನ ಮರದ ಬುಡದಲ್ಲಿ ಹೂಳಿದರು.

ಮನೆಗೆ ಬಂದಾಗ ಬಾಳವ್ವ ಎಚ್ಚರವಾಗಿಯೇ ಇದ್ದಳು. ಒದರಿತೇನು ಎಂದು ಕೇಳಿದಳು. ಇಲ್ಲವೆಂದಳು ಸುಕನ್ಯಾ. ಬಾಳವ್ವ ಬಹಳ ಹೊತ್ತು ಸೊಸೆಯ ಮುಖ ನೋಡಿ, ಛಲೋ ಆತು ಎಂದು ಕಣ್ಣು ಮುಚ್ಚಿದಳು. ಆ ಸಂಜೆ ಸೊಸೆ ನೀರಿನ ಲೋಟ ಬಾಯಿಗೆ ಹಿಡಿದಾಗ ಬಾಳವ್ವ ತುಟಿ ಬಿಗಿದುಕೊಂಡಳು. ಸುಕನ್ಯಾ ಒತ್ತಾಯ ಮಾಡಿದಳು, ಬೇಡಿಕೊಂಡಳು, ಒಮ್ಮೆ ಗದರಿದಳು ಕೂಡ. ಎರಡು ಗುಟುಕಿಗಿಂತ ಹೆಚ್ಚು ಇಳಿಯಲಿಲ್ಲ.

ಬಾಳವ್ವ ಅಷ್ಟು ಬೇಗ ಸಾಯಲಿಲ್ಲ. ಗಟ್ಟಿ ಜೀವ ಎಂದು ಓಣಿಯವರು ಹೊಗಳಿದರು. ಮತ್ತೆ ಎರಡು ಮಳೆಗಾಲ ಕಂಡಳು, ಜ್ವರ ಬರುವುದು, ಗುಳಿಗೆ ನುಂಗುವುದು, ಇಳಿಯುವುದು, ಮತ್ತೆ ಏರುವುದು. ಸೂಜಿಯ ಮಾತನ್ನು ಅವಳಾಗಲಿ ಸುಕನ್ಯಾಳಾಗಲಿ ಮುಂದೆ ಎಂದೂ ಎತ್ತಲಿಲ್ಲ. ಉರಿ ಹೆಚ್ಚಾದ ದಿನಗಳಲ್ಲಿ ಮಾತ್ರ ಬಾಳವ್ವ ಗೋಡೆಯ ಕಡೆ ಮುಖ ತಿರುಗಿಸದೆ ಸೊಸೆಯನ್ನೇ ನೆಟ್ಟಗೆ ನೋಡುತ್ತಿದ್ದಳು. ಸುಕನ್ಯಾ ಆ ನೋಟವನ್ನು ತಾಳಲಾರದೆ ಬಿಸಿನೀರು ತರುತ್ತೇನೆಂದು ಎದ್ದು ಒಳಗೆ ಹೋಗುತ್ತಿದ್ದಳು, ನೀರು ಕಾಯುವವರೆಗೆ ಒಲೆಯ ಮುಂದೆ ಕೂತಿರುತ್ತಿದ್ದಳು, ಆಮೇಲೆ ಬಂದು ಅರಿವೆ ಬದಲಿಸುತ್ತಿದ್ದಳು.