ಬಿಡಿಸಿಕೊಳ್ಳದ ಕೈ

ಟೈಲರ್ ಮೇಷ್ಟ್ರು ಊರಿಗೆಲ್ಲ ಎರಡು ಕಾರಣಕ್ಕೆ ಗೊತ್ತು. ಅವರು ಹೊಲಿದ ಕಾಲರು ಎಷ್ಟು ಒಗೆದರೂ ಮುದುಡುವುದಿಲ್ಲ, ಅವರ ಕೈಯನ್ನು ಯಾರೂ ಹಿಡಿದಿಟ್ಟುಕೊಳ್ಳಲಾರರು. ಹರೆಯದಲ್ಲಿ ಅವರು ಚೀನಾದ ಕುಂಗ್ ಫೂ ಕಲಿತಿದ್ದರು. ಹಾರಿ ಒದೆಯುವ ಬಗೆಯಲ್ಲ, ಒಂದು ಮೊಳದ ಅಂತರದಲ್ಲಿ ಎದುರುಬದುರು ನಿಂತು ಮುಂಗೈಗೆ ಮುಂಗೈ ಆನಿಸಿ ಆಡುವಂಥದ್ದು. ಜೊತೆಗೆ ಕಲಿತವನು ಎದುರಂಗಡಿಯ ಬೀಗ ರಿಪೇರಿಯವನು. ಹಿಡಿದರೆ ಬಿಡುವ ಪೈಕಿಯಲ್ಲ, ಅದಕ್ಕೇ ಅವನಿಗೆ 'ಉಡ' ಅಂತ ಹೆಸರು. ತಲೆ ನರೆತರೂ ಭಾನುವಾರ ಬೆಳಿಗ್ಗೆ ತಾರಸಿಯ ಮೇಲೆ ಇಬ್ಬರ ಕೈಯಾಟ ತಪ್ಪಿದ್ದಿಲ್ಲ. ಕೈಗಿಂತ ಬಾಯಿಯದ್ದೇ ಆಟ ಜಾಸ್ತಿ.

"ಹಿಡ್ಕೋಬಾರ್ದು ಕಣೋ," ಎನ್ನುವರು ಮೇಷ್ಟ್ರು. "ನನ್ನ ಕೈ ಹಿಡಿದೆ ಅಂದ್ರೆ ನಿನ್ನ ಕೈಯೂ ಅಲ್ಲೇ ಸಿಕ್ಕಿಹಾಕ್ಕೊಳ್ತು. ಸುಮ್ನೆ ಮುಟ್ಟಿಕೊಂಡಿರು, ಎದುರಿನವನು ಎತ್ತ ಹೊರಳ್ತಾನೆ ಅಂತ ಚರ್ಮಕ್ಕೇ ಗೊತ್ತಾಗುತ್ತೆ."

"ಗೊತ್ತಾಗಿ ಏನ್ಮಾಡ್ತೀಯ, ಕತ್ತೆ ಮೇಯಿಸ್ತೀಯಾ? ಹಿಡೀಬೇಕು, ತಿರುಚಬೇಕು, ಕೂರಿಸಬೇಕು!" ಎನ್ನುತ್ತ ಉಡ ಗಪ್ಪನೆ ಹಿಡಿಯುವನು. ಮೇಷ್ಟ್ರ ಮೊಣಕೈ ಇಳಿದು, ಮಣಿಕಟ್ಟು ಅವನ ಹೆಬ್ಬೆರಳಿನತ್ತ ಹೊರಳಿ, ಕೈ ಆಚೆ ಬಂದಿರುತ್ತಿತ್ತು. ಯೋಚನೆಯೇ ಬೇಕಿರಲಿಲ್ಲ. ಅದೇ ಅವರ ಜಂಬ.

ಮೇಷ್ಟ್ರ ಹೆಂಡತಿ ಅಂಗಡಿಯ ಕಿಟಕಿ ಪಕ್ಕ ಸ್ಟೂಲಿನಲ್ಲಿ ಕೂತು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತ, ಬಂದವರನ್ನೆಲ್ಲ ಮಾತಾಡಿಸುತ್ತಿದ್ದವರು. ಲಕ್ವ ಹೊಡೆದು ಎಡಗಾಲು ಸೋತ ಮೇಲೆ ಅಂಗಡಿಯ ಮೇಲಿನ ಕೋಣೆಗೇ ಕಟ್ಟುಬಿದ್ದರು. ನಡೆಸಿ, ಇಲ್ಲವಾದರೆ ಕಾಲು ಮರಗಟ್ಟುತ್ತದೆ ಎಂದಿದ್ದರು ಡಾಕ್ಟರು. ಮೇಷ್ಟ್ರು ದಿನವೂ ತಮ್ಮ ಮುಂಗೈಯನ್ನು ಆಕೆಯ ಮುಂಗೈಯಡಿ ಆನಿಸಿ, ಹಿಡಿಯದೆ, ಬರೀ ಮುಟ್ಟಿಕೊಂಡು ನಡೆಸಿದರು. ಆಕೆಗೂ ಅದು ಹಿತವಾಗಿತ್ತು. ಹಾಗೇ ಒಂದು ದಿನ ಮೆಟ್ಟಿಲ ತನಕ ಬಂದರು.

ಅಲ್ಲಿ ಕಾಲು ತಡವರಿಸಿತು. ಆಕೆ ಗಾಬರಿಯಿಂದ ಗಂಡನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಮೇಷ್ಟ್ರ ಮೊಣಕೈ ಇಳಿಯಿತು, ಮಣಿಕಟ್ಟು ಹೊರಳಿತು, ಕೈ ಆಚೆ ಬಂತು. ಆಕೆ ಗೋಡೆಗೆ ತಾಗಿ ಕುಸಿದು ಕೂತರು.

ಮೂಳೆಗೇನೂ ಆಗಲಿಲ್ಲ. "ನಾನು ಹಿಡ್ಕೊಂಡೆ, ನೀವು ಬಿಡಿಸ್ಕೊಂಡ್ರಿ," ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮರುದಿನ ಎಬ್ಬಿಸಹೋದರೆ, "ಬೇಡ ರೀ, ಇಲ್ಲೇ ಚೆನ್ನಾಗಿದೀನಿ," ಎಂದು ಗೋಡೆಯತ್ತ ತಿರುಗಿದರು. ಇಷ್ಟು ವರ್ಷ ಹೆಮ್ಮೆಪಟ್ಟ ಕೈಯನ್ನು ಮೇಷ್ಟ್ರು ಅವತ್ತು ದ್ವೇಷಿಸಿದರು.

ನೇರ ಎದುರಂಗಡಿಗೆ ಹೋಗಿ, "ನನ್ನ ಕೈ ಹಿಡಿಯೋ," ಎಂದರು.

"ಯಾಕೆ, ಬಿಡಿಸ್ಕೊಂಡು ಹಲ್ಲು ಕಿರಿಯೋಕಾ?"

"ಬಿಡಿಸ್ಕೊಳ್ದೆ ಇರೋದು ಕಲೀಬೇಕು ಕಣೋ."

ವಿಷಯ ಕೇಳಿದ ಮೇಲೆ, ಗೆದ್ದೆನೆಂದು ಕುಣಿಯಬೇಕಿದ್ದ ಉಡ ಕುಣಿಯಲಿಲ್ಲ. ಕೈಲಿದ್ದ ಅರವನ್ನು ಕೆಳಗಿಟ್ಟು ಗೆಳೆಯನ ಮಣಿಕಟ್ಟು ಹಿಡಿದ. ಕೈ ಜಾರಿತು. ಮತ್ತೆ ಹಿಡಿದ, ಮತ್ತೆ ಜಾರಿತು. "ಕಳ್ಳ ಕೈ ಕಣೋ ನಿಂದು! ಸುಮ್ನಿರು ಅಂದ್ರೆ ಕೇಳಲ್ಲ, ಅದಕ್ಕೊಂದು ಕೆಲಸ ಕೊಡು. ನಾನು ಹಿಡಿದ ಕೂಡ್ಲೇ ನೀನೂ ನನ್ನ ಮಣಿಕಟ್ಟು ಹಿಡಿ." ಆಮೇಲೆ ಅವನು ಹೊತ್ತುಗೊತ್ತು ನೋಡಲಿಲ್ಲ. ಮೇಷ್ಟ್ರು ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿರುವಾಗಲೂ ಬಂದು ಹಿಡಿದ. ಚಹಾ ಚೆಲ್ಲಿತು, ಗಿರಾಕಿಗಳು ಬೆಚ್ಚಿಬಿದ್ದರು, ಒಬ್ಬರ ಪ್ಯಾಂಟಿನ ಅಳತೆಯೂ ತಪ್ಪಿತು.

ಕೆಳಗಿನ ಗಲಾಟೆ ಮೇಲಿನವರೆಗೂ ಕೇಳುತ್ತಿತ್ತು. ಕಾಲು ವಿಚಾರಿಸಲು ಬಂದ ಉಡನನ್ನು ಮೇಷ್ಟ್ರ ಹೆಂಡತಿ, "ಅದೇನು ದಿನಾ ನಿಮ್ಮಿಬ್ಬರದು?" ಎಂದು ಕೇಳಿದರು.

"ನಿಮ್ಮ ಯಜಮಾನ್ರು ನನ್ನ ಹತ್ರ ಪಾಠ ಹೇಳಿಸ್ಕೊಳ್ತಿದಾರೆ ಅತ್ತಿಗೆ. ಹಿಡಿಸ್ಕೊಂಡು ನಿಲ್ಲೋ ಪಾಠ."

ಸಂಜೆ ಮೇಷ್ಟ್ರು ಹೊದಿಕೆ ಸರಿಮಾಡುತ್ತಿದ್ದಾಗ ಆಕೆ ಇದ್ದಕ್ಕಿದ್ದಂತೆ ಅವರ ಮಣಿಕಟ್ಟು ಹಿಡಿದರು. ಮೊಣಕೈ ಒಮ್ಮೆ ಅದುರಿತು. ಆದರೆ ಬೆರಳುಗಳು ತಿರುಗಿ ಆಕೆಯ ಮಣಿಕಟ್ಟನ್ನು ಸುತ್ತಿಕೊಂಡವು. ಆಕೆ ಎಳೆದು ನೋಡಿದರು, ಕೈ ಬರಲಿಲ್ಲ.

"ನಾಳೆ ಎಬ್ಬಿಸಿ," ಎಂದರು.

ಮರುದಿನ ಬೆಳಿಗ್ಗೆ ಮೆಟ್ಟಿಲ ನಡುವೆ ಕಾಲು ಮತ್ತೆ ತಡವರಿಸಿತು. ಆಕೆ ಹಿಡಿದರು, ಮೇಷ್ಟ್ರೂ ಹಿಡಿದರು. ಇಬ್ಬರೂ ಉಸಿರು ಬಿಗಿಹಿಡಿದು ನಿಂತು, ಆಮೇಲೆ ಮೆಲ್ಲಗೆ ಇಳಿದರು. ಕಿಟಕಿ ಪಕ್ಕದ ಸ್ಟೂಲಿನಲ್ಲಿ ಕೂತ ಆಕೆ ಸೂಜಿ ತೆಗೆದುಕೊಂಡರು.

"ಇನ್ನು ಬಿಡಿ ರೀ, ದಾರ ಪೋಣಿಸ್ಬೇಕು."

"ಮೊದ್ಲು ನೀನು ಬಿಡು," ಎಂದರು ಮೇಷ್ಟ್ರು.